ಟೇಪು ಹಚ್ಚದ ಹೆಸರು

ಅವ್ವ ತೀರಿಕೊಂಡ ಹನ್ನೆರಡನೆಯ ದಿನಕ್ಕೆ ನಾನು ಕೆಲಸಕ್ಕೆ ಮರಳಿದೆ. ಅಳು ಬಂದಿರಲಿಲ್ಲ. ದೇವದುರ್ಗದಲ್ಲಿ ಮಣ್ಣು ಮಾಡಿ ಬಂದ ದಿನವೂ ಬರಲಿಲ್ಲ. ನೆರೆದವರು ನನ್ನ ಮುಖ ನೋಡಿ ಗಟ್ಟಿ ಮನುಷ್ಯ ಎಂದರು. ಗಟ್ಟಿತನ ಎಲ್ಲಿಂದ ಬರಬೇಕು, ಏನೂ ಅನ್ನಿಸುತ್ತಿರಲಿಲ್ಲ ಅಷ್ಟೇ. ಉಂಡೆ, ಮಲಗಿದೆ, ಬಸ್ಸು ಹತ್ತಿ ರಾಯಚೂರಿಗೆ ಬಂದೆ.

ನನ್ನ ಕೆಲಸ ಬ್ಲಾಸ್ಟಿಂಗ್ ಡಬ್ಬಿಯ ಮುಂದೆ. ಬೀರುವಿನಷ್ಟು ದೊಡ್ಡ ಕಬ್ಬಿಣದ ಡಬ್ಬಿ ಅದು. ಎದುರಿಗೊಂದು ಗಾಜು, ಅದರ ಕೆಳಗೆ ಎರಡು ತೂತು, ತೂತುಗಳಿಗೆ ಮೊಳಕೈವರೆಗೆ ಬರುವ ರಬ್ಬರ್ ಗ್ಲೌಸು. ಒಳಗೆ ಕೈ ತೂರಿಸಿ, ಒಂದರಲ್ಲಿ ಗನ್ನು, ಇನ್ನೊಂದರಲ್ಲಿ ಸಾಮಾನು ಹಿಡಿದು ಪೆಡಲ್ ತುಳಿದರೆ ಗಾಳಿಯ ಜೊತೆ ಮರಳಿನಂಥ ಕಾಳು ನುಗ್ಗಿ ತುಕ್ಕು, ಬಣ್ಣ ಎಲ್ಲವನ್ನೂ ಕಿತ್ತುಹಾಕುತ್ತದೆ. ಬರುವುದು ಹೆಚ್ಚಾಗಿ ರೈಸ್ ಮಿಲ್ಲಿನ ರೋಲರುಗಳು. ಸವೆದ ರಬ್ಬರು ತೆಗೆದು ಕಬ್ಬಿಣವನ್ನು ತರಿತರಿ ಮಾಡಿ ಕೊಟ್ಟರೆ ಅದರ ಮೇಲೆ ಹೊಸ ರಬ್ಬರು ಕೂರುತ್ತದೆ.

ಕೆಲಸವೆಲ್ಲ ಎರಡು ತಿರುಪಿನಲ್ಲಿದೆ. ಒಂದು ಗಾಳಿಯದು, ಒಂದು ಕಾಳಿನದು. ಕಾಳು ಕಡಿಮೆಯಾದರೆ ಬರೀ ಊದಿದಂತಾಗುತ್ತದೆ. ಕಾಳು ಹೆಚ್ಚಾಗಿ ಗಾಳಿ ಸಾಲದಿದ್ದರೆ ಗನ್ನು ಮುದುಕರ ಹಾಗೆ ಕೆಮ್ಮುತ್ತದೆ. ಎರಡೂ ಹೊಂದಿದಾಗ ಒಂದೇ ಸಮನಾದ ಸದ್ದು. ನನಗೆ ಕಲಿಸಿದ ಉಸ್ತಾದ್ ಹೇಳುತ್ತಿದ್ದರು: "ಮೀಟರ್ ಸುಳ್ಳು ಹೇಳ್ತದ, ಅವಾಜ್ ಹೇಳಂಗಿಲ್ಲ." ಇನ್ನೊಂದು ಮಾತೂ ಅವರದೇ: "ಉಳೀಬೇಕಾದ್ದಕ್ಕ ಮೊದಲ ಟೇಪ್ ಹಚ್ಚು. ಪೆಡಲ್ ಮ್ಯಾಲ ಕಾಲು ಆಮ್ಯಾಲ." ಪ್ರತಿ ರೋಲರಿನ ಅಂಚಿಗೆ ಮಿಲ್ಲಿನವರು ಹೊಡೆಸಿದ ನಂಬರು ಇರುತ್ತದೆ. ಇಷ್ಟು ವರ್ಷಗಳಲ್ಲಿ ಒಬ್ಬ ಸಾಹುಕಾರನ ನಂಬರನ್ನೂ ನಾನು ಅಳಿಸಿಲ್ಲ.

ವರ್ಷಗಳು ಬೆರಳಿನಿಂದ ತಮ್ಮ ಪಾಲು ತೆಗೆದುಕೊಂಡಿವೆ. ಗನ್ನಿನ ನಡುಕಕ್ಕೆ ತುದಿಗಳು ಮರಗಟ್ಟಿವೆ. ಅಂಗಿಯ ಗುಂಡಿಯನ್ನು ನೋಡಿಕೊಂಡೇ ಹಾಕಬೇಕು. ಸುಡುವ ಚಹಾದ ಗ್ಲಾಸನ್ನು ಹಾಗೇ ಹಿಡಿದರೆ ಹೋಟೆಲಿನವನು "ಕೈ ಸುಡಂಗಿಲ್ಲೇನ್ರೀ ನಿಮಗ?" ಎಂದು ನಗುತ್ತಾನೆ. ನಾನೂ ನಗುತ್ತೇನೆ.

ಆ ದಿನ ನನ್ನ ಜೊತೆ ಅವ್ವನ ಹಿತ್ತಾಳೆ ಕೊಡ ಇತ್ತು. ಮಾನ್ವಿಯಲ್ಲಿ ಅಂಗನವಾಡಿ ಟೀಚರಾಗಿರುವ ಅಕ್ಕ ದೇವದುರ್ಗದ ಮನೆಯಿಂದ ಬೇರೇನನ್ನೂ ಕೇಳಿರಲಿಲ್ಲ. "ಇದೊಂದ ನನಗಿರಲಿ," ಎಂದಿದ್ದಳು. "ಒಲಿ ಮ್ಯಾಲಿಟ್ಟು ಕರ್ರಗ ಆಗ್ಯದ. ನಿನ್ನ ಡಬ್ಬ್ಯಾಗ ಹಾಕಿ ಬೆಳಗಿಸಿಕೊಂಡ ಬಾ. ತಿಂಗಳ ಕಾರ್ಯಕ್ಕ ಇದರಾಗ ನೀರು ತುಂಬಿಡೂಣು."

ಅವ್ವ ಕಾಲುವೆ ಗದ್ದೆಗಳಲ್ಲಿ ನಾಟಿ ಹಚ್ಚಿ ತಾನೇ ಕೊಂಡ ಕೊಡ ಅದು. ಪಾತ್ರೆಗೆ ಗಂಡನ ಹೆಸರು ಹಾಕಿಸುವುದು ಎಲ್ಲರ ವಾಡಿಕೆ. ಇವಳು ಅಂಗಡಿಯಲ್ಲಿ ನಿಂತು ತನ್ನ ಹೆಸರೇ ಹೊಡೆಸಿದಳು. ಕುತ್ತಿಗೆಯ ಕೆಳಗೆ, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ. ರೇಷನ್ ಕಾರ್ಡಿನ ಮೇಲೂ ಅವಳ ಹೆಸರಿತ್ತು, ಆದರೆ ಅದು ಸರಕಾರ ಬರೆದದ್ದು. ಓದು ಬಾರದವಳು. ನಲ್ಲಿಯ ಸಾಲಿನಲ್ಲಿ ಒಂದೇ ತೆರನಾದ ಕೊಡಗಳ ನಡುವೆ ಹೆಬ್ಬೆರಳು ಆಡಿಸಿ, "ಇದು ನಾನು" ಎಂದು ಎತ್ತಿಕೊಳ್ಳುತ್ತಿದ್ದಳು. ನನ್ನದು ಎನ್ನುತ್ತಿರಲಿಲ್ಲ, ನಾನು ಎನ್ನುತ್ತಿದ್ದಳು. ನಾವು ಅದಕ್ಕೆ ಅವಳನ್ನು ಬಹಳ ಕಾಡಿದ್ದೇವೆ.

ಹಿತ್ತಾಳೆಗೆ ಗಾಜಿನ ಸಣ್ಣ ಮಣಿ ಹಾಕಬೇಕು, ಗಾಳಿಯ ಒತ್ತಡ ಮೀಟರಿನಲ್ಲಿ ಎರಡು ಕೆಜಿ ದಾಟಬಾರದು. ಇದು ನನಗೆ ನಿದ್ದೆಗಣ್ಣಲ್ಲೂ ಗೊತ್ತು. ಗಾಳಿಯನ್ನು ಎರಡಕ್ಕೆ ಇಳಿಸಿದೆ ಕೂಡ. ಆದರೆ ಡಬ್ಬಿಯ ತಳದಲ್ಲಿ ರೋಲರಿನ ಕಪ್ಪು ಒರಟು ಕಾಳು ಇತ್ತು. ಅದನ್ನು ಖಾಲಿ ಮಾಡಲಿಲ್ಲ. ಬೇಸರವೂ ಅಲ್ಲ, ಸೋಮಾರಿತನವೂ ಅಲ್ಲ. ಮನಸ್ಸಿಗೆ ಬರಲೇ ಇಲ್ಲ. ಅಷ್ಟು ಕಡಿಮೆ ಗಾಳಿಗೆ ಗನ್ನು ಕೆಮ್ಮಿತು. ಕಾಳಿನ ತಿರುಪು ಬಿಗಿ ಮಾಡಬೇಕಿತ್ತು. ನಾನು ಗಾಳಿ ಏರಿಸಿದೆ. ಮೂರು. ಇನ್ನೂ ಕೆಮ್ಮು. ನಾಲ್ಕು, ಐದು. ಕಡೆಗೆ ನನ್ನ ಕಿವಿಗೆ ಒಗ್ಗಿದ ಸದ್ದು ಬಂತು, ದಿನವೂ ಕೇಳುವ ಸದ್ದು. ಸರಿಯಾಯಿತು ಎಂದುಕೊಂಡು ತುಳಿದೆ. ಅದು ರೋಲರಿನ ಸದ್ದು ಎಂದು ಹೊಳೆಯಲಿಲ್ಲ.

ಗಾಜಿನಾಚೆ ಮಸಿ ಹೋಗುತ್ತಿತ್ತು. ಕೊಡವನ್ನು ತಿರುಗಿಸುತ್ತ ಹೋದೆ. ಕಾಲು ಪೆಡಲಿನ ಮೇಲೆ, ಮನಸ್ಸು ಎಲ್ಲೂ ಇಲ್ಲ. ಹೊರಗೆ ತೆಗೆದು ಬಟ್ಟೆಯಿಂದ ಒರೆಸಿದಾಗ ಕೊಡ ಬೂದುಹಳದಿಯಾಗಿ, ಒಂದೇ ಸಮ ತರಿತರಿಯಾಗಿ, ಹೊಸ ರಬ್ಬರು ಕೂರಿಸಲು ತಯಾರಾದ ಹಾಗೆ ಇತ್ತು. ಕುತ್ತಿಗೆಯ ಕೆಳಗೂ ಹಾಗೇ. ಚುಕ್ಕಿ ಒಂದೂ ಇರಲಿಲ್ಲ.

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಆ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಟೇಪಿನ ಸುರುಳಿ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಆಗಲೂ ಎದೆಯಲ್ಲಿ ಏನೂ ಆಗಲಿಲ್ಲ. ಅದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಭಾನುವಾರ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಮಾನ್ವಿ ಬಸ್ಸಿನಲ್ಲಿ ಕೂತೆ. ಕಲ್ಮಲದಲ್ಲಿ ಹತ್ತಿದ ಹೆಂಗಸೊಬ್ಬಳು, "ಹೊಸಾದೇನ್ರೀ?" ಎಂದು ಕೇಳಿದಳು. ಹೌದು ಎಂದೆ.

ಅಕ್ಕ ಬಾಗಿಲಲ್ಲೇ ಕೊಡ ಇಸಿದುಕೊಂಡಳು. ಒಂದು ಸುತ್ತು ತಿರುಗಿಸಿದಳು. ಇನ್ನೊಂದು ಸುತ್ತು ತಿರುಗಿಸಿದಳು.

"ಹೆಸರ ಎಲ್ಲ್ಯದ ಲೇ?"

"ಹೋತು. ಟೇಪ್ ಹಚ್ಚೂದು ಮರ್ತೆ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನೆಲದ ಮೇಲೆ ಕೂತು, ಕೊಡವನ್ನು ಮಡಿಲಿಗೆ ಎಳೆದುಕೊಂಡು, ಅದರ ಬಾಯಿಯೊಳಗೆ ಕೈ ಇಳಿಸಿದಳು. ಏನು ಹುಡುಕುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿದ್ದಳು. ಒಂದು ಕಡೆ ಅವಳ ಕೈ ನಿಂತಿತು.

"ಅದ," ಎಂದಳು. "ಒಳಗ ಅದ ಲೇ. ಉಳಿ ಹೊಡದಾಗ ಈ ಕಡಿ ಉಬ್ಬ್ಯಾವ ನೋಡು, ಚುಕ್ಕಿ. ಎಲ್ಲಾ ಅಕ್ಷರ ಅದಾವ." ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. "ನೀನೂ ಕೈ ಹಾಕು. ಅವ್ವ ಅದಾಳ."

ಕೈ ಹಾಕಿದೆ. ಅಕ್ಕ ಹೊರಗಿನಿಂದ ಬೆರಳಿಟ್ಟು ಜಾಗ ತೋರಿಸಿದಳು. ಅಲ್ಲಿ ಹೆಬ್ಬೆರಳು ಆಡಿಸಿದೆ. ಆಮೇಲೆ ಒಂದೊಂದೇ ಬೆರಳು. ಮತ್ತೆ ಹೆಬ್ಬೆರಳು, ಒತ್ತಿ.

"ಸಿಕ್ತಲ್ಲ?" ಎಂದಳು ಅಕ್ಕ.

ಹೂಂ ಎಂದುಬಿಡಬಹುದಿತ್ತು. ಬಸ್ಸಿನ ಹೆಂಗಸಿಗೆ ಹೇಳಿದ ಹಾಗೆ.

"ನನ್ನ ಕೈಗಿ ಸಿಗವಲ್ದು ಅಕ್ಕಾ," ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದಿತ್ತು. ಕೈ ಇನ್ನೂ ಕೊಡದೊಳಗೇ ಇತ್ತು.