ನೀರು ಬಂತು, ಏಳ್ರೇ

ನಮ್ಮ ವಾರ್ಡನ್ ಮೇಡಂ ಹಣೆಯ ಕುಂಕುಮ ಬೆಳಗಾಗುವಷ್ಟರಲ್ಲಿ ಮೂಗಿನವರೆಗೆ ಇಳಿದಿರುತ್ತಿತ್ತು. ರಾತ್ರಿ ನಲ್ಲಿಯ ಸದ್ದಿಗೆ ಕಿವಿಗೊಟ್ಟು ಕೂತವರು, ತೂಕಡಿಕೆ ಬಂದಾಗಲೆಲ್ಲ ಒದ್ದೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಹರಿಹರದ ಹೊಳೆದಂಡೆಯಲ್ಲಿದ್ದ ನಮ್ಮ ವಸತಿ ಶಾಲೆಗೆ ನಲ್ಲಿ ನೀರು ಬರುತ್ತಿದ್ದುದು ಯಾವಾಗಲೋ ಒಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಬಂದ ಕೂಡಲೇ ಊಟದ ತಟ್ಟೆ ಬಡಿಯುತ್ತ "ನೀರು ಬಂತು, ಏಳ್ರೇ!" ಎಂದು ಕೂಗುತ್ತಿದ್ದರು. ನಾವು ಹುಡುಗಿಯರು ಅರೆನಿದ್ದೆಯಲ್ಲೇ ಬಕೆಟ್ ಹಿಡಿದು ಹಿತ್ತಲಿನ ನಲ್ಲಿಯ ಮುಂದೆ ಸಾಲುಗಟ್ಟುತ್ತಿದ್ದೆವು.

ಸಿಟ್ಟು ಬರುತ್ತಿತ್ತು. ಪಕ್ಕದಲ್ಲೇ ಹೊಳೆ, ಆದರೂ ನೀರಿಗಾಗಿ ನಿದ್ದೆಗೇಡು! "ಒಂದು ಸಂಪು ಕಟ್ಟಿಸಿಕೊಡ್ರಿ, ಮಕ್ಕಳು ಮಲಗ್ಲಿ" ಎಂದು ಮೇಡಂ ಆಡಳಿತ ಮಂಡಳಿಗೆ ಹೇಳಿ ಹೇಳಿ ಸೋತಿದ್ದರು. ನಮ್ಮೆದುರು ಮಾತ್ರ, "ನಿದ್ದೆ ಏನು ಓಡಿ ಹೋಗ್ತೈತೇನು? ತುಂಬ್ರಿ" ಎಂಬ ಗದರಿಕೆ. ಜ್ವರ ಬಂದವಳ ಬಕೆಟ್ಟನ್ನು ತಾವೇ ತುಂಬಿ ತರುತ್ತಿದ್ದರು. ಬಕೆಟ್ ಕಳೆದವಳಿಗೆ ವಾರವೆಲ್ಲ ಬೈಗುಳ.

ಒಂದು ಮಳೆಗಾಲದ ರಾತ್ರಿ ಅವರಿಗೆ ಫೋನ್ ಬಂತು. ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಹೊಳೆ ಏರುತ್ತಿದೆ, ಕೂಡಲೇ ಮಕ್ಕಳನ್ನು ಹೊರಗೆ ಕರೆತನ್ನಿ. ಗಾಬರಿಯಲ್ಲಿ ಮೇಡಂ ನಾಲಿಗೆಗೆ ರೂಢಿಯಾದದ್ದನ್ನೇ ಕೂಗಿದರು: "ನೀರು ಬಂತು, ಏಳ್ರೇ!" ಮುಂಬಾಗಿಲು ತೆರೆದು, ನಾವು ರಸ್ತೆಗೆ ಓಡಿ ಬರುತ್ತೇವೆಂದು ಕಾದರು. ನಾವು ಬಕೆಟ್ ತೆಗೆದುಕೊಂಡು ಹಿತ್ತಲಿಗೆ, ಅಂದರೆ ಹೊಳೆಯ ಕಡೆಗೇ ಹೋಗಿ ಸಾಲಾಗಿ ನಿಂತೆವು. ಪಾದಕ್ಕೆ ನೀರು ತಗುಲಿದಾಗ, ಯಾರೋ ನಲ್ಲಿ ಬಿಟ್ಟು ಮರೆತಿದ್ದಾರೆ ಎಂದುಕೊಂಡೆ.

ಮೇಡಂ ಫೋನಿನ ಬೆಳಕು ಹಿಡಿದು ಓಡಿ ಬಂದರು. "ನಲ್ಲಿ ನೀರಲ್ರೇ, ಹೊಳೆ ನೀರು! ಬಕೆಟ್ ಬಿಡ್ರಿ!"

"ಕಳೆದ್ರೆ ನೀವೇ ಬೈತೀರಲ್ಲ ಮೇಡಂ" ಎಂದೆ ನಾನು, ಮೊಣಕಾಲುದ್ದ ನೀರಿನಲ್ಲಿ ನಿಂತು.

ಅವರು ನನ್ನ ಬಕೆಟ್ ಕಿತ್ತು ಕತ್ತಲಿಗೆ ಎಸೆದರು. ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಹಿತ್ತಲಿನ ಮೆಟ್ಟಿಲು ಹತ್ತಿಸಿ, ರಸ್ತೆಯಾಚೆಯ ಕಲ್ಯಾಣ ಮಂಟಪ ಸೇರಿಸಿದರು. ನಮಗೆ ಯಾರಿಗೂ ಏನೂ ಆಗಲಿಲ್ಲ.

ಆದದ್ದು ಅವರಿಗೆ. ಮಕ್ಕಳನ್ನು ಹೊಳೆಯ ಕಡೆ ಕಳಿಸಿದ್ದೇಕೆ ಎಂದು ಮಂಡಳಿಯವರು ಸಭೆ ಕರೆದು ಕೇಳಿದರು. ಬಾಗಿಲಾಚೆ ನಿಂತಿದ್ದ ನಮಗೆ ಮೇಡಂ ದನಿ ಕೇಳಿಸಿತು: "ನೀರು ಬಂದಿತ್ರಿ, ನೀರು ಬಂತು ಅಂದೆ. ಮತ್ತೇನಂತ ಕೂಗಬೇಕಿತ್ತು?" ನಾವು ಒಳಗೆ ಹೋಗಿ ಹೇಳುತ್ತೇವೆಂದರೆ ಬಿಡಲಿಲ್ಲ. ಮೇಡಂ ಅವರನ್ನು ಕೆಲಸದಿಂದ ತೆಗೆದೇಬಿಟ್ಟರು. ಸಂಪಿನ ಮಾತನ್ನು ಯಾರೂ ಎತ್ತಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಮೇಡಂ ದಾವಣಗೆರೆಯ ಮಗಳ ಮನೆಯಲ್ಲಿದ್ದರು. ನಾನು ಹೋದಾಗಲೆಲ್ಲ ಸಿಟ್ಟಿನಿಂದ ಅದೇ ವಿಷಯ ತೆಗೆದರೆ, "ಎಷ್ಟು ಸಲ ಅದನ್ನ ತೊಳಿತೀಯವ್ವ? ಚಾ ಆರ್ತೈತೆ, ಕುಡಿ" ಎಂದು ನನ್ನನ್ನೇ ಗದರುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ಈಚೆಗೆ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ಭಾಷಣದಲ್ಲಿ ಮೇಡಂ ಹೆಸರು ಒಮ್ಮೆ ಹೇಳಿ ಎಂದು ಮಂಡಳಿಯ ಕಾರ್ಯದರ್ಶಿಯವರನ್ನು ಕೇಳಿಕೊಂಡೆ.

"ಯಾರು? ಮಕ್ಕಳನ್ನ ನೀರಿಗೆ ಇಳಿಸಿದ್ರಲ್ಲ, ಅವರಾ?"

"ಇಳಿಸಿದೋರಲ್ರಿ, ಎತ್ತಿದೋರು."

ಅವರು ನಕ್ಕು ವೇದಿಕೆಯ ಕಡೆ ಹೊರಟರು. ನಾನು ಅಡ್ಡ ನಿಂತೆ.

"ಆವತ್ತು ಎಲ್ಲರಿಗಿಂತ ಕೊನೆಗೆ ಮೇಲೆ ಬಂದೋಳು ನಾನು ಸಾರ್. ನನ್ನ ಹಿಂದೆ ನೀರಾಗೆ ಅವರೊಬ್ಬರೇ ಇದ್ರು."