ಹನ್ನೊಂದು ಗ್ರಾಮಿನ ಬೀಗದ ಕೈ

ಊರಿನ ಅಂಗಡಿಯವರಿಗೆಲ್ಲ ಅವರು ತೂಕದ ಸಾಹೇಬರು. ಅಳತೆ ಮತ್ತು ತೂಕದ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದ ಸರ್ವಿಸು. ಹಿತ್ತಾಳೆಯ ಬಟ್ಟುಗಳಿದ್ದ ಮರದ ಪೆಟ್ಟಿಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುವುದು, ಬಟ್ಟುಗಳನ್ನು ಒಂದೊಂದಾಗಿ ತಕ್ಕಡಿಯ ಮೇಲೆ ಇಡುವುದು, ಮುಳ್ಳು ಸರಿಯಾಗಿ ನಿಂತರೆ ಮುದ್ರೆ ಒತ್ತುವುದು, ನಿಲ್ಲದಿದ್ದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅಂಗಡಿಯವನನ್ನು ನೋಡುವುದು. ಆ ನೋಟಕ್ಕೇ ಎಷ್ಟೋ ಜನ ಬೆವೆತಿದ್ದಾರೆ. ಯಾವ ವಸ್ತುವನ್ನಾದರೂ ಅಂಗೈಯಲ್ಲಿಟ್ಟರೆ ಅದು ಎಷ್ಟು ಗ್ರಾಂ ಎಂದು ಸಾಹೇಬರು ಕಣ್ಣು ಮುಚ್ಚಿ ಹೇಳುತ್ತಿದ್ದರು. ಅವರ ಲೆಕ್ಕಕ್ಕೆ ಸಿಗದೇ ಉಳಿದದ್ದು ಅವರ ಹೊಟ್ಟೆ ಒಂದೇ.

ನಲವತ್ತೈದನೇ ವಯಸ್ಸಿನಲ್ಲಿ, ಬೇರೆಯವರು ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಬೆಳಗಿನ ವಾಕಿಂಗಿಗೆ ತೃಪ್ತರಾಗುವ ಕಾಲಕ್ಕೆ, ಸಾಹೇಬರಿಗೆ ಬೆಟ್ಟದ ಸೈಕಲ್ ರೇಸಿನ ಹುಚ್ಚು ಹಿಡಿಯಿತು. ಅದೂ ಎಂಥ ರೇಸು? ಬೆಳಗ್ಗೆ ಆರಕ್ಕೆ ಶುರು, ಸಂಜೆ ಆರಕ್ಕೆ ಮುಕ್ತಾಯ. ಊರಾಚೆಯ ಗುಡ್ಡ ಸುತ್ತಿ ಬರುವ ಹದಿನಾಲ್ಕು ಕಿಲೋಮೀಟರ್ ಕಲ್ಲುದಾರಿ. ಹನ್ನೆರಡು ಗಂಟೆಯೊಳಗೆ ಆರು ಸುತ್ತು ಹೊಡೆದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಜೋಡಿ ಇಲ್ಲ, ತಂಡ ಇಲ್ಲ, ಒಬ್ಬರೇ ತುಳಿಯಬೇಕು. ಹೊರಡುವ ಜಾಗದಲ್ಲಿ ಸುಣ್ಣದ ಗೆರೆ ಎಳೆದು ಪ್ರತಿ ಸವಾರನಿಗೂ ಒಂದು ಚೌಕ ಕೊಡುತ್ತಾರೆ. ರೇಸಿಗೆ ಮೊದಲು ಆ ಚೌಕದಲ್ಲಿ ಏನಿಟ್ಟಿರುತ್ತೀರೋ ಅಷ್ಟೇ ನಿಮ್ಮದು. ಆಮೇಲೆ ಹೊರಗಿನಿಂದ ಒಂದು ಗುಂಡುಸೂಜಿ ಒಳಗೆ ಬಂದರೂ ನೀವು ಔಟು.

ಸಾಹೇಬರು ನಾಲ್ಕು ವರ್ಷ ಹೋದರು. ನಾಲ್ಕು ವರ್ಷವೂ ಮುಗಿಸಲಿಲ್ಲ.

ಮೊದಲ ವರ್ಷ ಪಂಚರ್. ಬದಲಿ ಟ್ಯೂಬು ನೂರೆಂಬತ್ತು ಗ್ರಾಂ ತೂಗುತ್ತದೆಂದು ಚೌಕದಲ್ಲೇ ಬಿಟ್ಟು ಹೋಗಿದ್ದರು. ಎರಡನೇ ವರ್ಷ ಚೈನು ತುಂಡಾಯಿತು. ಅದನ್ನು ಜೋಡಿಸುವ ಪುಟ್ಟ ಸಾಮಾನು ಮನೆಯ ಮೇಜಿನ ಮೇಲೆ ಹಾಯಾಗಿತ್ತು. ಮೂರನೇ ವರ್ಷ ಸೈಕಲ್ಲಿಗೆ ಏನೂ ಆಗಲಿಲ್ಲ, ಆದದ್ದೆಲ್ಲ ಸಾಹೇಬರಿಗೇ. ನಾಲ್ಕೈದು ಖರ್ಜೂರ ಸಾಕೆಂದು ಹೊರಟವರು ಮೂರನೇ ಸುತ್ತಿನಲ್ಲಿ ತಲೆ ತಿರುಗಿ ಮೋರಿಯ ಕಟ್ಟೆಯ ಮೇಲೆ ಅಂಗಾತ ಮಲಗಿದರು. ನಾಲ್ಕನೇ ವರ್ಷದ್ದು ತೆಳು ಸೀಟಿನ ಕಥೆ, ಅದು ಮರ್ಯಾದಸ್ಥರ ಮುಂದೆ ಹೇಳುವಂಥದ್ದಲ್ಲ. ಇಷ್ಟಾದ ಮೇಲೆ ಯಾರಿಗಾದರೂ ಬುದ್ಧಿ ಬರಬೇಕಲ್ಲ? ಸಾಹೇಬರಿಗೂ ಬಂತು. ತೂಕ ಇನ್ನೂ ಜಾಸ್ತಿಯಾಗಿದೆ ಎಂದು ಅವರು ತೀರ್ಮಾನಿಸಿದರು.

ಪ್ರತಿ ವರ್ಷ ಅವರನ್ನು ಆ ಮೋರಿಯಿಂದ ಎತ್ತಿಕೊಂಡು ಬರುತ್ತಿದ್ದವರು ಅವರ ಹೆಂಡತಿ. ಆಕೆ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಕಲಿಯಲು ಬಂದವರ ಬಾಯಲ್ಲಿ ಕ್ಲಚ್ ಮೇಡಂ. ಎರಡು ಕಡೆಯೂ ಬ್ರೇಕಿರುವ ಅವರ ಕಾರಿನಲ್ಲಿ ಗೆರೆಯ ಮೇಲೆ ಚಕ್ರ ಹೋಯಿತೆಂದರೆ ಮುಗಿಯಿತು, ಮಂತ್ರಿಯ ಮಗನಾದರೂ ಫೇಲು. ಕಲ್ಲುದಾರಿ ಟಾರು ರಸ್ತೆಗೆ ತಾಗುವುದು ಹನ್ನೊಂದನೇ ಕಿಲೋಮೀಟರಿನ ಮೋರಿಯ ಹತ್ತಿರ ಮಾತ್ರ. ಸಾಹೇಬರು ಅಲ್ಲಿವರೆಗೆ ಹೇಗೋ ಬಂದು ಫೋನು ಮಾಡುತ್ತಿದ್ದರು. ಮೇಡಂ ಕಾರು ತಂದು, ಸೈಕಲ್ಲನ್ನು ಮೇಲೆ ಕಟ್ಟಿ, ಗಂಡನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಟವೆಲು ಕೊಟ್ಟು, ಅದೇ ಮಾತು ಹೇಳುತ್ತಿದ್ದರು: "ಹೋಗ್ಲಿ ಬಿಡ್ರೀ, ಆರೋಗ್ಯ ಮುಖ್ಯ."

ಸಾಹೇಬರಿಗೆ ಸೋಲಿಗಿಂತ ಈ ಮಾತೇ ಹೆಚ್ಚು ಚುಚ್ಚುತ್ತಿತ್ತು. ಬಹುಮಾನದ ಆಸೆ ಅವರಿಗೆ ಇರಲಿಲ್ಲ. ಒಂದೇ ಒಂದು ಸಲ, ಹೆಂಡತಿ ಆ ಮುಕ್ತಾಯದ ಗೆರೆಯ ಹತ್ತಿರ ನಿಂತಿರಬೇಕು, ತಾವು ಸಾಮಾನಿನ ಹಾಗೆ ಕಾರಿನಲ್ಲಿ ಬರದೆ ಎರಡು ಚಕ್ರದ ಮೇಲೆ ಬಂದು ಅದನ್ನು ದಾಟಬೇಕು. ಅಷ್ಟೇ ಅವರ ಆಸೆ. ಐದನೇ ವರ್ಷದ ಹೊತ್ತಿಗೆ ಮಂಡಿ ನೋಡಿದ ಡಾಕ್ಟರು "ಇದೇ ಕೊನೆ, ಆಮೇಲೆ ನನ್ನ ಹತ್ರ ಬರ್ಬೇಡಿ" ಎಂದಿದ್ದರು. ಹಾಗಾಗಿ ಈ ಸಲ ಬಿಟ್ಟರೆ ಇಲ್ಲ.

ತಯಾರಿಯೂ ಆ ಮಟ್ಟದ್ದೇ ಆಯಿತು. ಆರು ತಿಂಗಳು ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಜೊತೆ ಕೈಗವಸು ಕೊಳ್ಳಲು ಸಾಹೇಬರು ಒಂಬತ್ತು ಜೊತೆ ತರಿಸಿ, ತೂಗಿ, ಎಂಟನ್ನು ವಾಪಸು ಕಳಿಸಿದರು. ಅಂಗಿಯ ಕತ್ತಿನ ಪಟ್ಟಿಯಲ್ಲಿದ್ದ ಕಂಪನಿಯ ಚೀಟಿ ಬಿಚ್ಚಿದರು, ಒಂದು ಗ್ರಾಂ ಉಳಿಯಿತು. ಬೆಲ್ಲು ಹೋಯಿತು. ಹಿಡಿಕೆಯ ತುದಿಗಳನ್ನು ಗರಗಸದಿಂದ ಕೊಯ್ದರು. ಟೈರಿನ ವಿಷಯದಲ್ಲಿ ಮಾತ್ರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಅಡ್ಡ ನಿಂತ.

"ಸಾರ್, ಆ ಗುಡ್ಡದಲ್ಲಿ ಇರೋದು ಚೂರಿ ಥರದ ಕಲ್ಲು. ದಪ್ಪ ಟೈರೇ ಹಾಕ್ಕೊಳ್ಳಿ."

"ಒಂದು ಟೈರಿಗೆ ನೂರಿಪ್ಪತ್ತೈದು ಗ್ರಾಂ ಜಾಸ್ತಿ ಕಣಯ್ಯಾ. ಎರಡಕ್ಕೆ ಇನ್ನೂರೈವತ್ತು!"

ಮೆಕ್ಯಾನಿಕ್ ಗ್ರೀಸು ಮೆತ್ತಿದ ಕೈಯನ್ನು ಚಿಂದಿಗೆ ಒರೆಸುತ್ತಾ ಸಾಹೇಬರ ಬೆಲ್ಟಿನ ಕಡೆ ನೋಡಿದ. "ಬೇಜಾರು ಮಾಡ್ಕೋಬೇಡಿ ಸಾರ್. ಇನ್ನೂರೈವತ್ತು ಗ್ರಾಂ ಬೇರೆ ಎಲ್ಲಾದ್ರೂ ಸಿಗತ್ತೇನೋ, ನೋಡಿ."

ಸಾಹೇಬರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಅಂಗಡಿಯವರ ಮೇಲೆ ನಡೆಯುತ್ತಿದ್ದ ಆ ನೋಟ ಇಲ್ಲಿ ನಡೆಯಲಿಲ್ಲ. ತೆಳು ಟೈರನ್ನೇ ಕೊಂಡು ಬಂದರು. ಅವರು ಹೋದ ಅರ್ಧ ಗಂಟೆಗೆ ಮೇಡಂ ಅದೇ ಅಂಗಡಿಗೆ ಬಂದು, "ಅವ್ರಿಗೆ ಹೇಳ್ಬೇಡಿ" ಎಂದು ಒಂದು ಟ್ಯೂಬು ಕೊಂಡರು.

ಸಾಹೇಬರ ಈ ವರ್ಷದ ಯೋಜನೆಯ ಹೃದಯ ಒಂದು ಅಲ್ಯುಮಿನಿಯಂ ಪೆಟ್ಟಿಗೆ. ಮೈಮೇಲೆ ಒಂದು ಬಾಟಲಿ ನೀರು ಬಿಟ್ಟು ಏನೂ ಹೊರುವುದಿಲ್ಲ. ಟ್ಯೂಬು, ಪಂಪು, ತಿಂಡಿ, ಎಲ್ಲ ಪೆಟ್ಟಿಗೆಯಲ್ಲಿ ಕಾಯುತ್ತಿರುತ್ತದೆ, ಪ್ರತಿ ಸುತ್ತಿನ ಕೊನೆಗೆ ಬಂದು ಬೇಕಾದಷ್ಟೇ ತೆಗೆದುಕೊಳ್ಳುವುದು. ಮುಚ್ಚಳದ ಒಳಗೆ, ಏನೇನು ತೆಗೆದುಕೊಳ್ಳಬೇಕೆಂದು ಬರೆದ, ಸುತ್ತಿಗೊಂದರಂತೆ ಆರು ಪಟ್ಟಿ. ಹೊರಗೆ ಒಂದು ಬೀಗ. ಬೀಗ ಯಾಕೆಂದರೆ, ಮೂರನೇ ವರ್ಷ ತಾವು ಚೌಕದಲ್ಲಿ ಐದು ಖರ್ಜೂರ ಇಟ್ಟಿದ್ದು, ನಾಲ್ಕೇ ಸಿಕ್ಕಿತು ಎಂಬ ಗುಮಾನಿ ಅವರನ್ನು ಇಂದಿಗೂ ಬಿಟ್ಟಿರಲಿಲ್ಲ. ಬೀಗ ಆರಿಸಲು ಎರಡು ವಾರ ಹಿಡಿಯಿತು. ಒತ್ತಿದರೆ ಸಾಕು, ತಾನೇ ಹಾಕಿಕೊಳ್ಳುವಂಥದ್ದು. ಸುತ್ತಿಗೆಗೂ ಜಗ್ಗುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿತ್ತು.

ರೇಸಿನ ದಿನ ಬೆಳಗ್ಗೆ ಐದೂ ಐವತ್ತಕ್ಕೆ ಸಾಹೇಬರು ಜೇಬುಗಳನ್ನು ಕೊನೆಯ ಸಲ ತಡಕಿದರು. ಫೋನು ಸಿಕ್ಕಿತು. ನೂರತೊಂಬತ್ತು ಗ್ರಾಂ! ಪೆಟ್ಟಿಗೆಗೆ ಹಾಕಿದರು. ಇನ್ನೊಂದು ಜೇಬಿನಲ್ಲಿ ಬೀಗದ ಕೈ. ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರು. ಹನ್ನೊಂದು ಗ್ರಾಂ. ಎಂಬತ್ನಾಲ್ಕು ಕಿಲೋಮೀಟರು, ಆರು ಏರು, ಹನ್ನೊಂದು ಗ್ರಾಂ. ಅವರ ಜೀವ ತಡೆಯಲಿಲ್ಲ. ಎಲ್ಲಿಡುವುದು? ಇಡೀ ಮೈದಾನದಲ್ಲಿ ಭದ್ರವಾದ ಜಾಗ ಒಂದೇ ಇತ್ತು. ಕೀಲಿಯನ್ನು ಜೋಪಾನವಾಗಿ ಪೆಟ್ಟಿಗೆಯೊಳಗೆ ಇಟ್ಟು, ಮುಚ್ಚಳ ಹಾಕಿ, ಬೀಗ ಒತ್ತಿದರು. ಚಟ್ ಎಂದಿತು. ಆ ಸದ್ದು ಕೇಳಿ ಅವರಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಮೇಡಂ ತಮ್ಮ ಹೆಗಲು ನೋಯುತ್ತದೆಂದು ಡ್ರೈವಿಂಗ್ ಸ್ಕೂಲಿನ ಹೆಸರಿದ್ದ ದಪ್ಪ ಬ್ಯಾಗನ್ನು ಅದೇ ಚೌಕದಲ್ಲಿ ಇಳಿಸಿದರು. "ಅದನ್ನ ಇಲ್ಲಿ ಯಾಕಿಡ್ತೀಯೇ? ನೋಡೋಕೂ ಭಾರ" ಎಂದು ಸಾಹೇಬರು ಸಿಡುಕುವಷ್ಟರಲ್ಲಿ ಸೀಟಿ ಕೂಗಿತು.

ಮೊದಲ ಸುತ್ತು ಹೂವಿನ ಹಾಗೆ ಮುಗಿಯಿತು. ಏಳೂವರೆಗೆ ಸಾಹೇಬರು ಚೌಕಕ್ಕೆ ಬಂದು, ಪೆಟ್ಟಿಗೆಯ ಮುಂದೆ ಮಂಡಿಯೂರಿ, ಜೇಬಿಗೆ ಕೈ ಹಾಕಿದರು. ಕೈ ಜೇಬಿನಲ್ಲೇ ನಿಂತಿತು. ಮುಖ ಹುಳ್ಳಗಾಯಿತು.

"ಏನಾಯ್ತು ರೀ?"

"ಕೀಲಿ..."

"ಎಲ್ಲಿ?"

ಸಾಹೇಬರು ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. ಮೇಡಂ ಒಂದು ಕ್ಷಣ ಪೆಟ್ಟಿಗೆ ನೋಡಿದರು, ಒಂದು ಕ್ಷಣ ಗಂಡನನ್ನು ನೋಡಿದರು, ಆಮೇಲೆ ಹಣೆ ಚಚ್ಚಿಕೊಂಡರು. ಸಾಹೇಬರು ಪಕ್ಕದಲ್ಲಿದ್ದ ಕಲ್ಲು ತೆಗೆದುಕೊಂಡು ಬೀಗಕ್ಕೆ ಹತ್ತು ಏಟು ಹಾಕಿದರು. ಕಲ್ಲು ಎರಡು ಹೋಳಾಯಿತು. ಅಂಥ ಹೊತ್ತಿನಲ್ಲೂ ಬೀಗದ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ ಎನಿಸಿತು ಎಂದರೆ ಮನುಷ್ಯನಿಗೆ ಏನು ಹೇಳಬೇಕು?

ಮೇಡಂ ಬಗ್ಗಿ ಬ್ಯಾಗಿಗೆ ಕೈ ಹಾಕಲು ಹೋದಾಗ, ಸೀಟಿ ಕತ್ತಿಗೆ ನೇತುಹಾಕಿಕೊಂಡಿದ್ದ ಹಿರಿಯ ಅಂಪೈರು ಓಡಿ ಬಂದರು. "ಅಮ್ಮಾ, ನೀವು ಮುಟ್ಟಿದ್ರೆ ಇವ್ರು ಔಟು!"

"ಮುಟ್ಟಲ್ಲ ಸ್ವಾಮಿ. ಆದ್ರೆ ಬ್ಯಾಗು ಬೆಳಗ್ಗೆಯಿಂದ ಚೌಕದಲ್ಲೇ ಇದೆ. ಅದು ಯಾರ್ದು, ನಿಮ್ಮ ಪುಸ್ತಕ ನೋಡಿ ಹೇಳಿ."

ಅಂಪೈರು ಪುಸ್ತಕ ತಿರುವಿದರು, ತಲೆ ಕೆರೆದುಕೊಂಡರು. "ಚೌಕದಲ್ಲಿರೋದು ಸವಾರಂದೇ. ಬೇಕಾದ್ರೆ ಅವ್ರೇ ಎತ್ಕೋಬಹುದು."

ಸಾಹೇಬರು ಬ್ಯಾಗು ಎತ್ತಿದರು. ಕೈಗೆ ತಕ್ಷಣ ಗೊತ್ತಾಯಿತು: ನಾಲ್ಕು ಕಿಲೋ ಇನ್ನೂರು. ಆರು ತಿಂಗಳಲ್ಲಿ ಅವರು ಉಳಿಸಿದ್ದು ಒಟ್ಟು ಒಂದು ಕಿಲೋ ನಾನೂರು. ಬೇರೆ ದಾರಿ ಇರಲಿಲ್ಲ, ಬೆನ್ನಿಗೆ ಹಾಕಿಕೊಂಡು ಹೊರಟರು.

ಎರಡನೇ ಸುತ್ತಿನ ಏರಿನಲ್ಲಿ ಬಿಚ್ಚಿ ನೋಡಿದರೆ, ಸ್ಟೀಲು ಡಬ್ಬಿಯ ತುಂಬ ಬೇಯಿಸಿ ಉಪ್ಪು ಹಚ್ಚಿದ ಆಲೂಗಡ್ಡೆ, ಎರಡು ಲೀಟರ್ ನೀರು, ಸ್ಪ್ಯಾನರು, ಪಂಪು, ಟ್ಯೂಬು, ಕಲಿಯುವವರಿಗೆ ಕೊಡುವ ಸಂಚಾರ ನಿಯಮಗಳ ಪುಸ್ತಕ, ಜೊತೆಗೆ ಒಂದು ಛತ್ರಿ. ಛತ್ರಿ! ಸಾಹೇಬರು ಗುಡ್ಡದ ನೆತ್ತಿಯಲ್ಲಿ ನಿಂತು ಒಬ್ಬರೇ ಹೆಂಡತಿಯನ್ನು ಬೈದರು. ಬೈಯುತ್ತಲೇ ಮೂರು ಆಲೂಗಡ್ಡೆ ತಿಂದರು. ತಲೆ ತಿರುಗಲಿಲ್ಲ.

ನಾಲ್ಕನೇ ಸುತ್ತಿನಲ್ಲಿ ಮೆಕ್ಯಾನಿಕ್ ಹೇಳಿದ ಕಲ್ಲು ಎದುರಾಯಿತು. ತೆಳು ಟೈರು ಎರಡು ಬೆರಳಗಲ ಸೀಳಿತು. ಟ್ಯೂಬು ಬದಲಿಸಿದರೂ ಸೀಳಿನಿಂದ ಗುಳ್ಳೆಯ ಹಾಗೆ ಹೊರಗೆ ಉಬ್ಬಿತು. ಸಾಹೇಬರು ನೆಲದ ಮೇಲೆ ಕೂತು, ತಲೆ ಮೇಲೆ ಕೈ ಹೊತ್ತು, ಮೋರಿ ಎಷ್ಟು ದೂರ ಎಂದು ಲೆಕ್ಕ ಹಾಕಿದರು. ಆಗ ಪುಸ್ತಕ ಕಣ್ಣಿಗೆ ಬಿತ್ತು. ಅದರ ಪ್ಲಾಸ್ಟಿಕ್ ಹಾಳೆ ಹೊದಿಸಿದ ರಟ್ಟನ್ನು ಹರಿದು, ಮಡಿಸಿ, ಸೀಳಿಗೆ ಒಳಗಿನಿಂದ ಒತ್ತಿಟ್ಟು ಗಾಳಿ ತುಂಬಿದರು. ಟೈರು ಗಾಳಿ ಹಿಡಿದು ನಿಂತಿತು. "ನಿಧಾನವೇ ಪ್ರಧಾನ" ಎಂದು ಬರೆದಿದ್ದ ಆ ರಟ್ಟಿನ ಮೇಲೆ ಕೊನೆಯ ಮೂವತ್ತೈದು ಕಿಲೋಮೀಟರು ಉರುಳಿತು.

ಸಂಜೆ ಐದೂ ಐವತ್ತೆರಡು. ಮೈಯೆಲ್ಲ ಧೂಳು, ಕಾಲಲ್ಲಿ ಜೀವವಿಲ್ಲ, ಬೆನ್ನ ಮೇಲೆ ಛತ್ರಿಯ ಸಮೇತ ಬ್ಯಾಗು. ತೂಕದ ಸಾಹೇಬರು ಆರನೇ ಸುತ್ತು ಮುಗಿಸಿ ಗೆರೆ ದಾಟಿದರು. ಅಂಪೈರು ಸೀಟಿ ಊದಿ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಕೊನೆಯ ಹೆಸರು ಬರೆದರು. ಸಾಹೇಬರು ಬೋರ್ಡಿನ ಕಡೆ ನೋಡಲಿಲ್ಲ. ಸುತ್ತ ನೋಡಿದರು.

"ನಮ್ಮ ಮನೆಯವ್ರು?"

"ಐದೂ ನಲವತ್ತಾದ್ರೂ ನೀವು ಬರ್ಲಿಲ್ಲ ಅಂತ ಕಾರು ತಗೊಂಡು ಹೋದ್ರಲ್ಲ. ನಿಮ್ಮ ಫೋನಿಗೆ ಮಾಡಿದ್ರಂತೆ, ಈ ಪೆಟ್ಟಿಗೆ ಒಳಗೇ ಬಡ್ಕೊಳ್ತಿತ್ತು."

ಕೇಳುತ್ತಲೇ ಸಾಹೇಬರಿಗೆ ಎಲ್ಲ ಅರ್ಥವಾಯಿತು. ನಾಲ್ಕು ವರ್ಷ ತಾವೇ ಕೊಟ್ಟ ಅಭ್ಯಾಸ. ಯಾರ ಮೇಲೆ ಸಿಟ್ಟು ಮಾಡುವುದು? ಸೈಕಲ್ ತಿರುಗಿಸಿ ಟಾರು ರಸ್ತೆ ಹಿಡಿದು ಮತ್ತೆ ಐದು ಕಿಲೋಮೀಟರು ತುಳಿದರು.

ಮೇಡಂ ಮೋರಿಯ ಕಟ್ಟೆಯ ಮೇಲೆ, ತೊಡೆಯ ಮೇಲೆ ಟವೆಲು ಇಟ್ಟುಕೊಂಡು, ಗುಡ್ಡದ ಕಡೆಯೇ ಕಣ್ಣು ನೆಟ್ಟು ಕೂತಿದ್ದರು. ಗಂಡ ಬೆನ್ನ ಹಿಂದಿನಿಂದ ಬಂದರು.

"ಅಯ್ಯೋ, ಈ ಕಡೆಯಿಂದ ಹೇಗೆ ಬಂದ್ರಿ? ದಾರಿ ತಪ್ಪಿದ್ರಾ? ಹೋಗ್ಲಿ ಬಿಡ್ರೀ, ಆರೋಗ್ಯ..."

"ಮುಗೀತು ಕಣೇ."

"ಏನು, ಟ್ಯೂಬಾ?"

"ರೇಸು. ಹೆಸ್ರು ಬರೆದ್ರು."

ಮೇಡಂ ಬಾಯಿ ತೆರೆದರು. ಸಮಾಧಾನದ ಮಾತುಗಳೆಲ್ಲ ಸಿದ್ಧವಾಗಿದ್ದವು, ಸಂತೋಷದ್ದು ಒಂದೂ ಇರಲಿಲ್ಲ. "ಹಾಗಾದ್ರೆ ನಾನು ನೋಡ್ಲೇ ಇಲ್ವಲ್ಲ ರೀ" ಎಂದು, ಆ ಗಟ್ಟಿ ಹೆಂಗಸು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಸಾಹೇಬರು ಸೈಕಲ್ಲನ್ನು ಮತ್ತೆ ಮೈದಾನದ ಕಡೆ ತಿರುಗಿಸಿದರು. ಆಮೇಲೆ ಹೇಳಿದರು, "ಕಾರು ತಗೊಂಡು ಮುಂದೆ ಹೋಗು. ಗೆರೆ ಹತ್ರ ನಿಂತಿರು. ಬರ್ತೀನಿ."

"ಹುಚ್ಚು ಹಿಡಿದಿದ್ಯಾ? ಮಂಡಿ..."

"ನಿಂತಿರು ಅಂದ್ನಲ್ಲ."

"ಹೋಗ್ಲಿ, ಆ ಬ್ಯಾಗಾದ್ರೂ ಕೊಡಿ. ಭಾರ ಇಳಿಯತ್ತೆ."

"ಇರ್ಲಿ ಬಿಡು" ಎಂದು ತೂಕದ ಸಾಹೇಬರು ಪಟ್ಟಿ ಬಿಗಿ ಮಾಡಿಕೊಂಡರು.

ಅವರು ಮೈದಾನ ಸೇರುವಾಗ ಮುಕ್ತಾಯದ ಗೆರೆಯ ಮೇಲಿದ್ದ ಬಟ್ಟೆಯ ಕಮಾನನ್ನು ಬಿಚ್ಚಿ ಸುತ್ತಿಯಾಗಿತ್ತು. ಜನ ಇರಲಿಲ್ಲ. ಬೀಗ ಹಾಕಿದ ಪೆಟ್ಟಿಗೆ ಚೌಕದಲ್ಲಿ ಒಂಟಿಯಾಗಿ ಕೂತಿತ್ತು. ಮಸುಕಾದ ಬೆಳಕಿನಲ್ಲಿ, ಅರ್ಧ ಅಳಿಸಿದ ಸುಣ್ಣದ ಗೆರೆಯ ಆಚೆ, ಮೇಡಂ ಸೊಂಟದ ಮೇಲೆ ಕೈಯಿಟ್ಟು, ಕಲಿಯುವವರ ಪರೀಕ್ಷೆ ಮಾಡುವಾಗ ನಿಲ್ಲುವ ಹಾಗೇ ನಿಂತಿದ್ದರು. ಸಾಹೇಬರು ನಡೆಯುವವನಿಗಿಂತ ನಿಧಾನವಾಗಿ ಬಂದರು. ಮುಂದಿನ ಚಕ್ರ ದಾಟಿತು. ಹಿಂದಿನದೂ ದಾಟಿತು. ಬ್ರೇಕು ಹಾಕಿ, ಕಾಲು ನೆಲಕ್ಕೆ ಊರಿ, ಹೆಂಡತಿಯ ಮುಖ ನೋಡಿದರು.

ಮೇಡಂ ಬಗ್ಗಿ ಗೆರೆಯನ್ನೂ ಚಕ್ರವನ್ನೂ ಸರಿಯಾಗಿ ನೋಡಿದರು.

"ನನ್ನ ಹತ್ರ ಗೆರೆ ದಾಟಿದೋರೆಲ್ಲ ಫೇಲು" ಎಂದರು. "ನೀವೊಬ್ರು ಪಾಸು."