ಎದುರುಮನೆ ಫ್ರಿಜ್ಜಿನಲ್ಲಿಟ್ಟ ಔಷಧಿ

ಈ ಮಾಘದಲ್ಲಿ ತೀರಿಕೊಂಡ ಮೋಹಿನಿ ಭಾರತೀನಗರದ ಆಚೆಗಿನ ಊರೊಂದರಲ್ಲಿ ರವಿಕೆ ಹೊಲಿಯುತ್ತಿದ್ದಳು. ಮೂವತ್ತು ದಾಟುವಷ್ಟರಲ್ಲೇ ಅವಳ ಬೆರಳ ಗಂಟುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿ ಒಂದೊಂದೇ ಬೆರಳನ್ನು ಬಿಡಿಸಿಕೊಳ್ಳಬೇಕಿತ್ತು. ಮಾತ್ರೆಗಳು ನಾಟದೆ ಹೋದಾಗ ಮಂಡ್ಯದ ಡಾಕ್ಟರು, ಇದು ವಾಸಿಯಾಗುವ ಸಂಧಿವಾತವಲ್ಲ, ಹದಿನೈದು ದಿನಕ್ಕೊಂದು ಬಯಾಲಜಿಕ್ ಎಂಬ ಹೊಸ ಬಗೆಯ ಇಂಜೆಕ್ಷನ್ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ ಎಂದರು. ಬೆಲೆ ಕೇಳಿ ಮೋಹಿನಿ ನಕ್ಕುಬಿಟ್ಟಳು.

"ಸಾ, ಅಷ್ಟು ದುಡ್ಡಿಗೆ ನಮ್ಮೂರಲ್ಲಿ ಒಂದು ಕಡಸು ಬತ್ತದೆ. ಅದಾದ್ರೆ ಮುಂದಕ್ಕೆ ಹಾಲಾದ್ರೂ ಕೊಟ್ಟಾತು."

ಕೊನೆಗೆ ತಿಂಗಳಿಗೊಂದು ಎಂದು ತಾನೇ ತೀರ್ಮಾನಿಸಿಕೊಂಡಳು. ಇಂಜೆಕ್ಷನ್ ಬಿದ್ದರೆ ಬೆರಳು ಮಾತು ಕೇಳುತ್ತಿದ್ದವು. ಬೆರಳು ಮಾತು ಕೇಳಿದರೆ ಮುಂದಿನ ಇಂಜೆಕ್ಷನ್ನಿಗೆ ದುಡಿಯಬಹುದಿತ್ತು. ಒಂದು ತಪ್ಪಿದರೆ ಎರಡೂ ನಿಲ್ಲುತ್ತಿದ್ದವು.

ಔಷಧಿಯನ್ನು ತಂಪಿನಲ್ಲೇ ಇಡಬೇಕಿತ್ತು, ಮನೆಯಲ್ಲಿ ಫ್ರಿಜ್ಜು ಇರಲಿಲ್ಲ. ಎದುರುಮನೆಯ ಪಟ್ಟಲಮ್ಮನ ಫ್ರಿಜ್ಜಿನಲ್ಲಿ, ಹೂವಿನ ಪೊಟ್ಟಣದ ಪಕ್ಕದಲ್ಲಿ, ಔಷಧಿ ಇರುತ್ತಿತ್ತು. ಒಂದು ವರ್ಷ ಶ್ರಾವಣದಲ್ಲಿ ಊರಿನ ಕವಿತಳ ಮದುವೆ. ರವಿಕೆಗಳ ರಾಶಿಯೇ ಮೋಹಿನಿಗೆ ಬಂತು. ಅದೇ ವಾರ, ಲೈನು ರಿಪೇರಿಗೆ ಒಂದು ಹಗಲು ಪೂರ್ತಿ ಕರೆಂಟು ತೆಗೆಯುತ್ತಾರೆ ಎಂದು ಸುದ್ದಿಯಾಯಿತು. ಪಟ್ಟಲಮ್ಮ ಹಿಂದಿನ ದಿನವೇ ಔಷಧಿಯನ್ನು ಎತ್ತಿ, ಐಸ್ ಕಟ್ಟುವ ಮೇಲಿನ ಗೂಡಿಗೆ ತಳ್ಳಿದಳು.

"ನೋಡಮ್ಮಿ, ಕಲ್ಲಾಗಿ ಕುಂತದೆ. ಇನ್ನು ಎಲ್ಡ್ ದಿನ ಕರೆಂಟು ಓದ್ರೂ ಕೆಡಾಕಿಲ್ಲ" ಎಂದು ಮಾರನೆಯ ಬೆಳಿಗ್ಗೆ ಅದನ್ನು ಮೋಹಿನಿಯ ಕೈಗಿಟ್ಟಳು.

ಒಮ್ಮೆ ಹೆಪ್ಪುಗಟ್ಟಿದರೆ ಆ ಔಷಧಿಯನ್ನು ಬಿಸಾಡಬೇಕು. ಮೋಹಿನಿಗೆ ಅದು ಗೊತ್ತಿತ್ತು. ಪಟ್ಟಲಮ್ಮನ ಮುಖದ ಹಿಗ್ಗು ನೋಡಿ, "ಒಳ್ಳೇದಾಯ್ತು ಬುಡಕ್ಕ" ಎಂದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅತ್ತಳು.

ವಾರ ಕಳೆಯುವಷ್ಟರಲ್ಲಿ ಮುಷ್ಟಿ ಮತ್ತೆ ಮುಚ್ಚಿಕೊಂಡಿತು. ಅವಳು ಎರಡೂ ಕೈಯಲ್ಲಿ ಕತ್ತರಿ ಹಿಡಿದು ತಿಣುಕುತ್ತಿದ್ದುದು ಪಟ್ಟಲಮ್ಮನ ಕಣ್ಣಿಗೆ ಬಿತ್ತು. ಕೇಳಿದರೆ ಮೋಹಿನಿ ಮಾತು ತಿರುಗಿಸಿದಳು. ಪಟ್ಟಲಮ್ಮ ನೇರ ಭಾರತೀನಗರಕ್ಕೆ ಹೋಗಿ ಮೆಡಿಕಲ್ ಸ್ಟೋರಿನ ಪುನೀತನನ್ನು ವಿಚಾರಿಸಿದಳು. ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ಮೋಹಿನಿಯ ಬಾಗಿಲಿಗೆ ಬಂದಳು.

"ನನ್ನ ಉಗಿಬಾರ್ದಾಗಿತ್ತಾ?"

"ಉಗುದ್ರೆ ಔಸ್ದಿ ವಾಪಸ್ ಬತ್ತಿತ್ತಾ ಅಕ್ಕ?"

"ಔಸ್ದಿ ಬತ್ತಿರ್ಲಿಲ್ಲ. ನಾ ಬತ್ತಿದ್ದೆ ಕಣಮ್ಮಿ!"

ಮಾರನೆಯ ಬೆಳಿಗ್ಗೆ ಪಟ್ಟಲಮ್ಮ ಬೀದಿಯ ಹೆಂಗಸರನ್ನು ಕರೆದುಕೊಂಡು ಬಂದಳು. ನಾಟಿಯ ಕಾಲದಲ್ಲಿ ಇವತ್ತು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು ಹೋಗುವ ಮುಯ್ಯಾಳಿನ ಹಾಗೆ, ಎಲ್ಲರೂ ಮೋಹಿನಿಯ ಜಗಲಿ ತುಂಬ ಕೂತರು. ಮೋಹಿನಿ ತೋರಿಸಿದ ಗೆರೆಯಲ್ಲಿ ಪಟ್ಟಲಮ್ಮ ಬಟ್ಟೆ ಕತ್ತರಿಸಿದಳು. ಅಂಗೈಯಲ್ಲೇ ಬಟ್ಟೆ ಒತ್ತಿ ಸರಿಸುತ್ತ ಮಿಷನ್ನು ತುಳಿದದ್ದು ಮಾತ್ರ ಮೋಹಿನಿ. ಉಳಿದವರು ಅಂಚು ಮಡಿಸಿ, ಹುಕ್ಕು ಹಾಕಿದರು.

"ಲೇ, ಈ ಹುಕ್ಕು ಎದೆಗೆ ಬತ್ತದಾ ಬೆನ್ನಿಗೆ ಬತ್ತದಾ, ಮೊದ್ಲು ಯೋಳು!"

"ಎಲ್ಗಾರ ಹಾಕು. ಮದ್ವೆ ಹೆಣ್ಣು ತಿರುಗಿ ನಿಂತ್ಕತಾಳೆ."

ರವಿಕೆಗಳು ಹೊತ್ತಿಗೆ ಸರಿಯಾಗಿ ಮದುವೆ ಮನೆ ಸೇರಿದವು. ಆ ಕೂಲಿಯಲ್ಲಿ ಹೊಸ ಇಂಜೆಕ್ಷನ್ ಬಂತು. ದಿನ ಕಳೆದಂತೆ ಬೆರಳುಗಳು ಸಡಿಲಾದವು.

ಪಟ್ಟಲಮ್ಮನ ಗದ್ದೆಯ ನಾಟಿಯ ದಿನ ಮೋಹಿನಿ ಸೀರೆ ಎತ್ತಿಕಟ್ಟಿ ಕೆಸರಿಗಿಳಿದಳು.

"ನೀ ಬದಿನ್ ಮೇಲೆ ಕುಂತ್ಕಳಮ್ಮಿ."

"ನಂದು ಆಳು ಬಾಕಿ ಅದೆ ಕಣಕ್ಕ."

ಒಂದೇ ಒಂದು ಸಾಲು ನೆಟ್ಟಳು. ಬೇರೆ ಯಾರ ಪೈರು ಸೊಟ್ಟಗಾದರೂ ಬೈದು ಕೀಳಿಸುತ್ತಿದ್ದ ಪಟ್ಟಲಮ್ಮ, ಗದ್ದೆಯ ನಡುವೆ ಹಾವಿನಂತೆ ಹರಿದುಹೋದ ಆ ಸಾಲಿನ ಪಕ್ಕದಲ್ಲಿ ಬಗ್ಗಿ, ತನ್ನ ಸಾಲನ್ನೂ ಅದರ ಜೊತೆಜೊತೆಗೆ ಸೊಟ್ಟಗೆ ನೆಡುತ್ತ ಹೋದಳು.